ಪ್ರಾದೇಶಿಕ ನಾವೀನ್ಯ ವ್ಯವಸ್ಥೆಯೂ ಗ್ರಾಮ ಪಂಚಾಯಿತಿಯೂ: ರೇಷ್ಮೆ ಸೀಮೆಯ ಒಂದು ಅಧ್ಯಯನ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಕುಡಿಯುವ ನೀರಿನ ಯೋಜನೆಯ ಕಷ್ಟಸುಖ ಗ್ರಾಮ ಪಂಚಾಯಿತಿಯ ಪ್ರತಿಯೊಬ್ಬ ಸದಸ್ಯರಿಗೂ ತಿಳಿದಿರುವಂಥದ್ದು. ಕೊಳವೆಬಾವಿಯಲ್ಲಿ ನೀರಿರುತ್ತದೆ, ಹೊಸ ಮೋಟಾರು ಇಳಿಸಲಾಗಿರುತ್ತದೆ, ಓವರ್‌ಹೆಡ್ ಟ್ಯಾಂಕ್ ತುಂಬಿರುತ್ತದೆ. ಆದರೂ ಮೇಲಿನ ಕೇರಿಯ ನಲ್ಲಿಗಳಲ್ಲಿ ಹನಿ ನೀರೂ ಬರುವುದಿಲ್ಲ. ಹುಡುಕಿದರೆ ನಡುದಾರಿಯಲ್ಲಿ ಒಂದು ವಾಲ್ವ್ ಕೆಟ್ಟಿರುತ್ತದೆ, ಇಲ್ಲವೇ ಒಂದೆಡೆ ಕಿರಿದಾದ ಪೈಪು ಜೋಡಿಸಲಾಗಿರುತ್ತದೆ. ಅದನ್ನು ನೋಡದೆ ಇನ್ನೂ ಹೆಚ್ಚು ಅಶ್ವಶಕ್ತಿಯ ಮೋಟಾರಿಗೆ ಅಂದಾಜುಪಟ್ಟಿ ಸಿದ್ಧಪಡಿಸಿದರೆ ಹಣ ವ್ಯಯವಾಗುತ್ತದೆಯೇ ಹೊರತು ನೀರು ಬರುವುದಿಲ್ಲ.

ಹೊಸ ತಂತ್ರಜ್ಞಾನವು ಒಂದು ಸೀಮೆಯಲ್ಲಿ ಬೇರೂರುವುದೂ ಬೇರೂರದೆ ಹೋಗುವುದೂ ಬಹುಮಟ್ಟಿಗೆ ಇದೇ ರೀತಿಯದು. ಸಂಶೋಧನಾಲಯದಲ್ಲಿ ಸಿದ್ಧವಾದ ಜ್ಞಾನವು ರೈತನ ಹಿತ್ತಲಿಗೆ, ಅಲ್ಲಿಂದ ಮಾರುಕಟ್ಟೆಗೆ, ಅಲ್ಲಿಂದ ಕಾರ್ಖಾನೆಗೆ ಹರಿಯಬೇಕು. ಕಾರ್ಖಾನೆಯ ದೂರು ಮತ್ತೆ ಸಂಶೋಧನಾಲಯಕ್ಕೆ ಹಿಂದಿರುಗಬೇಕು. ಹೀಗೆ ಒಂದು ಪ್ರದೇಶದೊಳಗೆ ಪರಸ್ಪರ ಕಲಿಯುತ್ತ ಕೆಲಸ ಮಾಡುವ ರೈತರು, ಕುಶಲಕರ್ಮಿಗಳು, ವ್ಯಾಪಾರಿಗಳು, ತರಬೇತಿ ಕೇಂದ್ರಗಳು, ಬ್ಯಾಂಕುಗಳು, ಇಲಾಖೆಗಳು ಮತ್ತು ಸ್ಥಳೀಯ ಸರ್ಕಾರ ಇವೆಲ್ಲವುಗಳ ಜಾಲವನ್ನು ವಿದ್ವಾಂಸರು ‘ಪ್ರಾದೇಶಿಕ ನಾವೀನ್ಯ ವ್ಯವಸ್ಥೆ’ ಎಂದು ಕರೆಯುತ್ತಾರೆ. ಬ್ರಿಟನ್ನಿನ ಫಿಲಿಪ್ ಕುಕ್ ಅವರು 1992ರಲ್ಲಿ ಈ ಪರಿಭಾಷೆಯನ್ನು ಬಳಕೆಗೆ ತಂದರು. ವಿಚಾರ ಮಾತ್ರ ಅದಕ್ಕಿಂತ ಹಳೆಯದು. ಒಂದೇ ಕಸುಬಿನವರು ಒಂದೆಡೆ ನೆಲೆಸಿದಾಗ ಕಸುಬಿನ ಮರ್ಮಗಳು ಅಲ್ಲಿನ ಮಕ್ಕಳಿಗೂ ತಾವಾಗಿಯೇ ದಕ್ಕುತ್ತವೆ ಎಂಬುದನ್ನು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಅವರು 1890ರಲ್ಲಿಯೇ ಗುರುತಿಸಿದ್ದರು. ಶಿಡ್ಲಘಟ್ಟದ ರೀಲಿಂಗ್ ಕೇರಿಯನ್ನೋ ಇಳಕಲ್ಲಿನ ಮಗ್ಗದ ಮನೆಯನ್ನೋ ಕಂಡವರಿಗೆ ಇದನ್ನು ಪುಸ್ತಕದಿಂದ ತಿಳಿಯಬೇಕಾದ ಅಗತ್ಯವಿಲ್ಲ.

ಹೆಸರು ಭಾರವಾಗಿದ್ದರೂ ಇದರಿಂದ ಪಂಚಾಯಿತಿಗೆ ಸಿಗುವ ಪ್ರಶ್ನೆ ಸರಳವಾದದ್ದು: ನಮ್ಮ ಸೀಮೆಯಲ್ಲಿ ಯಾವ ವಾಲ್ವ್ ಕೆಟ್ಟಿದೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಬಗೆಯನ್ನು ತಿಳಿಯಲು ಕರ್ನಾಟಕದ ರೇಷ್ಮೆಗಿಂತ ಉತ್ತಮವಾದ ಉದಾಹರಣೆ ದೊರೆಯುವುದು ಕಷ್ಟ.

ಹೊರಗಿನಿಂದ ಬಂದದ್ದು, ಒಳಗೆ ಬೆಳೆದದ್ದು

ಮೈಸೂರು ಸೀಮೆಗೆ ರೇಷ್ಮೆ ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ, ಬಂಗಾಳದಿಂದ. ಒಂದು ಶತಮಾನದ ತರುವಾಯ, 1890ರ ದಶಕದಲ್ಲಿ, ಜಮ್‌ಶೇಟ್‌ಜಿ ಟಾಟಾ ಅವರು ಜಪಾನಿ ಪದ್ಧತಿಯನ್ನು ಕಲಿಸುವ ಫಾರಂ ಒಂದನ್ನು ಬೆಂಗಳೂರಿನಲ್ಲಿ ತೆರೆದರು. ಬಸವನಗುಡಿಯ ಬಳಿಯ ಆ ಭಾಗವನ್ನು ಜನ ಇಂದಿಗೂ ‘ಟಾಟಾ ಸಿಲ್ಕ್ ಫಾರಂ’ ಎಂದೇ ಕರೆಯುತ್ತಾರೆ. 1910ರ ದಶಕದಲ್ಲಿ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಮೈಸೂರು ಸಂಸ್ಥಾನ ಕರೆಸಿಕೊಂಡಿತು. 1912ರಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. ಸ್ವಾತಂತ್ರ್ಯಾನಂತರ ಕೇಂದ್ರ ರೇಷ್ಮೆ ಮಂಡಳಿ, 1961ರಲ್ಲಿ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ, ರಾಜ್ಯದ ರೇಷ್ಮೆ ಇಲಾಖೆ, ಬಿತ್ತನೆ ಕೋಠಿಗಳು, ರಾಮನಗರ ಹಾಗೂ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳು ಒಂದೊಂದಾಗಿ ನೆಲೆನಿಂತವು. ಬಹುಕಾಲ ರೈತರ ಮೆಚ್ಚಿನ ತಳಿಯಾಗಿದ್ದ ‘ಕಣ್ವ-2’ ಹಿಪ್ಪುನೇರಳೆಯ ಹೆಸರಿನಲ್ಲಿಯೇ ಚನ್ನಪಟ್ಟಣದ ಸಮೀಪದ ಕಣ್ವ ಫಾರಂ ಇದೆ.

ಬಂಗಾಳದ ಹುಳು, ಜಪಾನಿನ ವಿದ್ಯೆ, ಇಟಲಿಯ ತಜ್ಞ ಎಲ್ಲವೂ ಹೊರಗಿನವು. ಅವುಗಳನ್ನು ಒಗ್ಗಿಸಿಕೊಂಡದ್ದು ಮಾತ್ರ ಈ ನೆಲ. ‘ಸ್ಥಳೀಯ’ ಎಂದರೆ ಹೊರಗಿನದನ್ನು ದೂರವಿಡುವುದು ಎಂದು ಕೆಲವೊಮ್ಮೆ ಸಭೆಗಳಲ್ಲಿ ಮಾತು ಬರುತ್ತದೆ. ರೇಷ್ಮೆಯ ಚರಿತ್ರೆ ಆ ಮಾತನ್ನು ಬೆಂಬಲಿಸುವುದಿಲ್ಲ.

ದ್ವಿತಳಿ ಹುಳುವಿನ ಕಥೆ

ಇಲ್ಲಿಯ ಹಳೆಯ ಮೈಸೂರು ತಳಿ ಬಿಸಿಲನ್ನೂ ರೋಗವನ್ನೂ ತಡೆಯಬಲ್ಲದು, ಆದರೆ ಅದರ ಗೂಡು ಚಿಕ್ಕದು, ಎಳೆ ಗಿಡ್ಡ. ಇದನ್ನು ಹೊರದೇಶದ ತಳಿಯೊಂದಿಗೆ ಕೂಡಿಸಿ ಪಡೆದ ಮಿಶ್ರತಳಿಯ ಹಳದಿ ಗೂಡು ದಶಕಗಳ ಕಾಲ ಕರ್ನಾಟಕದ ರೈತನ ಕೈಹಿಡಿಯಿತು. ದ್ವಿತಳಿ ಹುಳುವಿನ ಬಿಳಿಯ ಗೂಡಿನಿಂದ ಸುಮಾರು 1000 ಮೀಟರ್ ಉದ್ದದ, ನುಣುಪಾದ, ಗಟ್ಟಿಯಾದ ಎಳೆ ಬರುತ್ತದೆ. ಸೀರೆಯ ಹಾಸಿಗೆ, ಅದರಲ್ಲಿಯೂ ವಿದ್ಯುತ್ ಮಗ್ಗದ ಹಾಸಿಗೆ, ಅದೇ ಬೇಕು. ನಮ್ಮ ಹಳದಿ ರೇಷ್ಮೆ ಬಹುಪಾಲು ಹೊಕ್ಕಿಗೆ ಸಲ್ಲುತ್ತಿತ್ತು, ಹಾಸಿಗೆ ಚೀನಾದ ನೂಲು ಬರುತ್ತಿತ್ತು. ಆದುದರಿಂದ ದ್ವಿತಳಿಯನ್ನು ಇಲ್ಲಿಯೇ ಬೆಳೆಸಬೇಕೆಂಬ ಸರ್ಕಾರದ ಆಸೆ ಹಳೆಯದು.

ಆಸೆ ಹಳೆಯದಾದರೂ ಫಲ ಬಹುಕಾಲ ಬರಲಿಲ್ಲ. ಹುಳು ಸಂಶೋಧನಾಲಯದಲ್ಲಿ ಚೆನ್ನಾಗಿ ಬೆಳೆಯುತ್ತಿತ್ತು, ರೈತನ ಮನೆಯಲ್ಲಿ ಸಾಯುತ್ತಿತ್ತು. ರೈತ ಹಿಂಜರಿಯುತ್ತಾನೆ, ಹೊಸದನ್ನು ಒಪ್ಪುವುದಿಲ್ಲ ಎಂಬ ವಿವರಣೆ ಇಂಥ ಸಂದರ್ಭದಲ್ಲಿ ಸುಲಭವಾಗಿ ಸಿಗುತ್ತದೆ. ಅದು ಸೋಮಾರಿ ವಿವರಣೆ. ಒಂದೊಂದು ಹಂತವನ್ನೂ ತೆರೆದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ದ್ವಿತಳಿ ಹುಳು ದೊಡ್ಡದಾದ ಮೇಲೆ 24ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಬಯಸುತ್ತದೆ. ಆದರೆ ಹುಳು ಸಾಕುತ್ತಿದ್ದುದು ಜನ ಉಣ್ಣುವ, ಮಲಗುವ, ಒಲೆ ಉರಿಸುವ ಮನೆಯೊಳಗೆ. ಮೊಟ್ಟೆಯೊಡೆದ ಮೊದಲ ದಿನಗಳ ಮರಿಹುಳು, ಅಂದರೆ ಚಾಕಿ, ಅತ್ಯಂತ ನಾಜೂಕಾದುದು. ಅದನ್ನು ಪ್ರತಿ ಮನೆಯವರೂ ತಮಗೆ ತಿಳಿದಂತೆ ಸಾಕುತ್ತಿದ್ದರು. ಸೊಪ್ಪಿನ ಗುಣಮಟ್ಟ ದ್ವಿತಳಿಯ ಹಸಿವಿಗೆ ಸಾಲುತ್ತಿರಲಿಲ್ಲ. ಹಾಲುತೊಂಡೆ, ಸಪ್ಪೆರೋಗಗಳನ್ನು ತಡೆಯಲು ಮನೆಯನ್ನು ಸೋಂಕುರಹಿತಗೊಳಿಸಬೇಕು. ವಾಸದ ಮನೆಗೆ ಬ್ಲೀಚಿಂಗ್ ಪುಡಿಯ ದ್ರಾವಣವನ್ನು ಸೂರಿನವರೆಗೆ ಸಿಂಪಡಿಸಿ ಎಂದರೆ ಯಾರು ಒಪ್ಪಿಯಾರು?

ಇಷ್ಟೂ ತೊಡಕನ್ನು ದಾಟಿ ಒಬ್ಬ ರೈತ ಬಿಳಿಗೂಡು ತೆಗೆದನೆನ್ನೋಣ. ಮಾರುಕಟ್ಟೆಯಲ್ಲಿ ಅದನ್ನು ಕೊಳ್ಳುವ ರೀಲರ್ ಬಳಿ ಇದ್ದದ್ದು ಚರಕ. ಚರಕದಲ್ಲಿ ದಪ್ಪ, ಏರುಪೇರಿನ ನೂಲು ಬರುತ್ತದೆ. ಅಲ್ಲಿ ಉದ್ದ ಎಳೆಯ ಗೂಡಿಗೂ ಗಿಡ್ಡ ಎಳೆಯ ಗೂಡಿಗೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಗೂಡಿನ ಗುಣವನ್ನು ಕಣ್ಣಳತೆ ಕೈಯಳತೆಗಳಿಂದಲೇ ನಿರ್ಧರಿಸಲಾಗುತ್ತಿತ್ತು. ಹೆಚ್ಚು ಅಪಾಯ ಹೊತ್ತು ಬೆಳೆದವನಿಗೆ ಆ ಅಪಾಯಕ್ಕೆ ತಕ್ಕ ಬೆಲೆ ಸಿಗದಿದ್ದಾಗ ಅವನು ಮುಂದಿನ ಬೆಳೆಗೆ ಮಿಶ್ರತಳಿಗೆ ಮರಳಿದ್ದು ತಪ್ಪು ಲೆಕ್ಕವಲ್ಲ, ಸರಿಯಾದ ಲೆಕ್ಕ.

1980ರಲ್ಲಿ ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ರೇಷ್ಮೆ ಯೋಜನೆ, 1989ರಲ್ಲಿ ರಾಷ್ಟ್ರೀಯ ರೇಷ್ಮೆ ಯೋಜನೆ ಬಂದವು. 1991ರಿಂದ 2007ರವರೆಗೆ ಜಪಾನ್ ಸರ್ಕಾರದ ತಾಂತ್ರಿಕ ನೆರವಿನಲ್ಲಿ ಹಂತಹಂತವಾಗಿ ನಡೆದ ದ್ವಿತಳಿ ಯೋಜನೆಯಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಅಲ್ಲಿ ಹುಳುವೊಂದನ್ನೇ ಸುಧಾರಿಸಲಿಲ್ಲ. ಸಿ.ಎಸ್.ಆರ್. ಶ್ರೇಣಿಯ ಹೊಸ ಸಂಕರ ತಳಿಗಳ ಜೊತೆಗೆ ವಿ-1 ಎಂಬ ಹೆಚ್ಚು ಇಳುವರಿಯ ಹಿಪ್ಪುನೇರಳೆ ಬಂತು. ವಾಸದ ಮನೆಯಿಂದ ಪ್ರತ್ಯೇಕವಾದ ಹುಳು ಸಾಕಾಣಿಕೆ ಮನೆ ಬಂತು. ಎರಡನೇ ಜ್ವರ ಕಳೆದ ಹುಳುವನ್ನು ಚಾಕಿ ಕೇಂದ್ರದಿಂದಲೇ ಕೊಂಡು ತರುವ ರೂಢಿ ಬೆಳೆಯಿತು. ಎಲೆ ಬಿಡಿಸಿ, ತಟ್ಟೆ ತಟ್ಟೆಗೂ ಹಾಕುವ ಬದಲು ರೆಂಬೆಯನ್ನೇ ಅಟ್ಟಣಿಗೆಯ ಮೇಲೆ ಹಾಸುವ ಪದ್ಧತಿ ಬಂತು. ಎಲೆ ಬಿಡಿಸುವ, ತಟ್ಟೆ ತೊಳೆಯುವ ಕೆಲಸ ಹೆಚ್ಚಾಗಿ ಹೆಂಗಸರದೇ ಆಗಿದ್ದುದರಿಂದ ಈ ಬದಲಾವಣೆಯ ಮೊದಲ ಲಾಭವೂ ಅವರಿಗೇ ದೊರೆಯಿತು. ಆದರೂ ‘ತಂತ್ರಜ್ಞಾನ’ ಎಂಬ ಮಾತು ಬಂದಾಗ ಇದನ್ನು ಯಾರೂ ಎಣಿಸುವುದಿಲ್ಲ. ಇನ್ನೊಂದು ತುದಿಯಲ್ಲಿ ಮಲ್ಟಿ-ಎಂಡ್ ಯಂತ್ರಗಳು, ಆನಂತರ ಸ್ವಯಂಚಾಲಿತ ರೀಲಿಂಗ್ ಯಂತ್ರಗಳು ಬಂದವು. ಸ್ವಯಂಚಾಲಿತ ಯಂತ್ರಕ್ಕೆ ಬಿಳಿಗೂಡೇ ಬೇಕು. ಬೇಡಿಕೆ ಹುಟ್ಟಿದ್ದು ಅಲ್ಲಿ. ಮಾರುಕಟ್ಟೆಯಲ್ಲಿ ಎಲೆಕ್ಟ್ರಾನಿಕ್ ತೂಕ, ಇ-ಹರಾಜು ಬಂದ ಮೇಲೆ ತೂಕ ಮತ್ತು ಬೆಲೆಯ ಬಗ್ಗೆ ರೈತನಿಗಿದ್ದ ಅನುಮಾನವೂ ತಕ್ಕಮಟ್ಟಿಗೆ ಕಡಿಮೆಯಾಯಿತು.

ಒಂದು ಕಿಲೋ ನೂಲಿಗೆ ಬೇಕಾಗುವ ಗೂಡಿನ ತೂಕವನ್ನು ರೀಲರುಗಳು ‘ರೆಂಡಿಟ್ಟ’ ಎನ್ನುತ್ತಾರೆ. ಮಿಶ್ರತಳಿಗೆ ಏಳೆಂಟು ಕಿಲೋ ಬೇಕಾದರೆ ಉತ್ತಮ ದ್ವಿತಳಿಗೆ ಆರು ಕಿಲೋ ಆಸುಪಾಸು ಸಾಕು. ಈ ವ್ಯತ್ಯಾಸವು ಕೇವಲ ಹುಳುವಿನದಲ್ಲ. ಸೊಪ್ಪು, ಮನೆ, ಚಾಕಿ, ಯಂತ್ರ, ಹರಾಜು ಎಲ್ಲವೂ ಸೇರಿ ತಂದುಕೊಟ್ಟದ್ದು.

ಊಜಿ ನೊಣ ಕಲಿಸಿದ ಪಾಠ

1980ರಲ್ಲಿ ಪಶ್ಚಿಮ ಬಂಗಾಳದಿಂದ ಗೂಡಿನ ಸಾಗಣೆಯೊಂದಿಗೆ ಊಜಿ ನೊಣ ಕರ್ನಾಟಕವನ್ನು ಪ್ರವೇಶಿಸಿತು. ಈ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಹುಳುವನ್ನು ಒಳಗಿನಿಂದ ತಿಂದು ಹೊರಬರುತ್ತದೆ. ಗೂಡು ಕಟ್ಟಿದ ಮೇಲೆ ಮರಿ ಹೊರಬಂದರೆ ಗೂಡು ತೂತಾಗಿ, ನೂಲು ಬಿಚ್ಚಲು ಬಾರದಂತಾಗುತ್ತದೆ. ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ, ಔಷಧಿಯ ಸಿಂಪಡಣೆ, ಹಾಗೂ ಊಜಿಯ ಕೋಶವನ್ನೇ ತಿನ್ನುವ ‘ನೆಸೊಲಿಂಕ್ಸ್ ಥೈಮಸ್’ ಎಂಬ ಪರತಂತ್ರ ಜೀವಿಯ ಬಿಡುಗಡೆ, ಹೀಗೆ ಪರಿಹಾರಗಳನ್ನು ವಿಜ್ಞಾನಿಗಳು ಒದಗಿಸಿದರು.

ಆದರೆ ಊಜಿ ನೊಣಕ್ಕೆ ಹಿಡುವಳಿಯ ಗಡಿ ಗೊತ್ತಿಲ್ಲ. ಊರಿನಲ್ಲಿ 40 ಮನೆಯವರು ಪರದೆ ಕಟ್ಟಿ, ಇಬ್ಬರು ಮೂವರು ಕಟ್ಟದೆ ಬಿಟ್ಟರೆ ಆ ಮೂರು ಮನೆಗಳಲ್ಲಿ ಹುಟ್ಟಿದ ನೊಣ ಇಡೀ ಊರಿನದಾಗುತ್ತದೆ. ಪರತಂತ್ರ ಜೀವಿಯನ್ನು ಒಬ್ಬರು ಮಾತ್ರ ಬಿಟ್ಟರೂ ಪೂರ್ಣ ಫಲ ಸಿಗದು. ವಿಜ್ಞಾನಿಗಳು ಕೊಟ್ಟ ಉತ್ತರ ಒಂದು ಮನೆಗೆ ಸರಿ. ಸಮಸ್ಯೆ ಇರುವುದು ಊರಿನ ಮಟ್ಟದಲ್ಲಿ. ಊರಿನ ಮಟ್ಟದಲ್ಲಿ ಎಲ್ಲರನ್ನೂ ಒಂದೇ ವಾರದಲ್ಲಿ ಒಂದೇ ಕೆಲಸಕ್ಕೆ ತೊಡಗಿಸಬಲ್ಲ ಸಂಸ್ಥೆ ಯಾವುದು? ಇಲಾಖೆಯ ವಿಸ್ತರಣಾಧಿಕಾರಿಯ ವ್ಯಾಪ್ತಿಯಲ್ಲಿ ಅನೇಕ ಹಳ್ಳಿಗಳಿರುತ್ತವೆ. ಈ ಸ್ಥಾನ ಪಂಚಾಯಿತಿಯದು.

ಮೂರು ಬಗೆಯ ತೊಡಕು

ಎಲ್ಲ ಪ್ರದೇಶಗಳಿಗೂ ಒಂದೇ ನೀತಿ ಸಲ್ಲದು ಎಂಬುದನ್ನು 2005ರಲ್ಲಿ ಆಸ್ಟ್ರಿಯಾದ ಫ್ರಾನ್ಸ್ ಟೋಟ್ಲಿಂಗ್ ಮತ್ತು ಮಿಖಾಯೆಲಾ ಟ್ರಿಪ್ಲ್ ಅವರು ಸ್ಪಷ್ಟವಾಗಿ ವಿಂಗಡಿಸಿ ತೋರಿಸಿದರು. ಅಂಚಿನ ಪ್ರದೇಶಗಳಲ್ಲಿ ಸಂಸ್ಥೆಗಳೇ ವಿರಳ. ಹಳೆಯ ಕೈಗಾರಿಕಾ ಪ್ರದೇಶಗಳಲ್ಲಿ ಸಂಸ್ಥೆಗಳಿವೆ, ಸಂಬಂಧಗಳೂ ಇವೆ, ಆದರೆ ಎಲ್ಲವೂ ಹಳೆಯ ಜಾಡಿಗೆ ಬಿಗಿದುಕೊಂಡಿರುತ್ತವೆ. ಮಹಾನಗರಗಳಲ್ಲಿ ಎಲ್ಲವೂ ಇದ್ದು ಒಂದಕ್ಕೊಂದು ಸಂಪರ್ಕವಿರುವುದಿಲ್ಲ. ಈ ಮೂರನೆಯದು ಬೆಂಗಳೂರಿನ ಚಿಂತೆ, ಸದ್ಯಕ್ಕೆ ಗ್ರಾಮ ಪಂಚಾಯಿತಿಯದಲ್ಲ. ಮೊದಲ ಎರಡನ್ನು ಸದಸ್ಯರು ತಮ್ಮ ಕಣ್ಣೆದುರೇ ಕಾಣಬಹುದು.

ಉತ್ತರ ಕರ್ನಾಟಕದ ರೈತರು ಗೂಡು ತುಂಬಿದ ಚೀಲಗಳೊಂದಿಗೆ ರಾತ್ರಿಯಿಡೀ ಪ್ರಯಾಣಿಸಿ ರಾಮನಗರಕ್ಕೆ ಬರುವುದುಂಟು. ಗೂಡು ಕಾಯುವ ಸರಕಲ್ಲ. ದಿನದಿನಕ್ಕೆ ತೂಕ ಇಳಿಯುತ್ತದೆ, ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಅಲ್ಲಿ ಹಿಪ್ಪುನೇರಳೆ ಬೆಳೆಸಲು ಇನ್ನಷ್ಟು ಸಹಾಯಧನ ನೀಡುವುದು ದೊಡ್ಡ ಮೋಟಾರು ಇಳಿಸಿದಂತೆ. ಹತ್ತಿರದ ಚಾಕಿ ಕೇಂದ್ರ, ಹತ್ತಿರದ ಮಾರುಕಟ್ಟೆ, ಹತ್ತಿರದ ರೀಲಿಂಗ್ ಘಟಕ ಇಲ್ಲದಿರುವುದು ಅಲ್ಲಿಯ ಕೊರತೆ. ಇದಕ್ಕೆ ವ್ಯತಿರಿಕ್ತವಾಗಿ, ಹಳೆಯ ರೇಷ್ಮೆ ತಾಲ್ಲೂಕುಗಳಲ್ಲಿ ಎಲ್ಲವೂ ಹತ್ತಿರದಲ್ಲಿದ್ದೂ ಚರಕಕ್ಕೆ ಕಟ್ಟುಬಿದ್ದ ರೀಲರ್, ಸಾಲಕ್ಕೆ ಕಟ್ಟುಬಿದ್ದ ಚರಕ ಎಂಬ ಸ್ಥಿತಿ ಬಹುಕಾಲ ಇತ್ತು. ಈ ಎರಡು ಸೀಮೆಗಳಿಗೂ ಒಂದೇ ಸುತ್ತೋಲೆ ಕಳುಹಿಸಿದರೆ ಒಂದು ಕಡೆಯಾದರೂ ಅದು ವ್ಯರ್ಥವಾಗುವುದು ಖಚಿತ.

ಸಣ್ಣ ಘಟಕಗಳ ಸೀಮೆಗೆ ಒಬ್ಬೊಬ್ಬರಿಗೂ ಅನುದಾನ ಹಂಚುವುದಕ್ಕಿಂತ ಎಲ್ಲರೂ ಬಳಸಬಹುದಾದ ಸೇವೆಯೊಂದನ್ನು ಒದಗಿಸುವುದು ಫಲಕಾರಿಯಾದ ಉದಾಹರಣೆಗಳು ಹೊರದೇಶಗಳಲ್ಲಿಯೂ ಇವೆ. ಇಟಲಿಯ ಎಮಿಲಿಯಾ-ರೊಮಾನ್ಯಾ ಪ್ರಾಂತದ ಕಾರ್ಪಿ ಪಟ್ಟಣದಲ್ಲಿ ಉಣ್ಣೆ ಹಾಗೂ ಹೆಣೆದ ಉಡುಪು ತಯಾರಿಸುವ ಪುಟ್ಟ ಪುಟ್ಟ ಘಟಕಗಳಿವೆ. ಮುಂದಿನ ಋತುವಿನ ಬಣ್ಣ, ವಿನ್ಯಾಸ, ಯಂತ್ರಗಳ ಮಾಹಿತಿ ಪಡೆಯುವ ಶಕ್ತಿ ಒಂದೊಂದು ಘಟಕಕ್ಕೂ ಇರಲಿಲ್ಲ. 1980ರಲ್ಲಿ ಪ್ರಾಂತೀಯ ಸರ್ಕಾರದ ಅಭಿವೃದ್ಧಿ ಸಂಸ್ಥೆ ಮತ್ತು ಕುಶಲಕರ್ಮಿಗಳ ಸಂಘಗಳು ಸೇರಿ ‘ಚಿಟೆರ್’ ಎಂಬ ಸಾಮೂಹಿಕ ಮಾಹಿತಿ ಕೇಂದ್ರವನ್ನು ಅಲ್ಲಿ ತೆರೆದವು. ನಮ್ಮ ಚಾಕಿ ಕೇಂದ್ರದ ತತ್ತ್ವವೂ ಬೇರೆಯಲ್ಲ: ಪ್ರತಿ ಮನೆಯಲ್ಲಿಯೂ ಮಾಡಲಾಗದ ನಾಜೂಕಿನ ಕೆಲಸವನ್ನು ಒಂದೆಡೆ ಚೆನ್ನಾಗಿ ಮಾಡಿ ಎಲ್ಲರಿಗೂ ಹಂಚುವುದು.

ಪಂಚಾಯಿತಿಯ ಕೈಯಲ್ಲಿರುವುದು, ಇಲ್ಲದಿರುವುದು

ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರಿದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಕೃಷಿ ವಿಸ್ತರಣೆ, ಸಣ್ಣ ಕೈಗಾರಿಕೆ, ಖಾದಿ ಮತ್ತು ಗ್ರಾಮೋದ್ಯೋಗ, ತಾಂತ್ರಿಕ ತರಬೇತಿ, ಮಾರುಕಟ್ಟೆ ಮತ್ತು ಜಾತ್ರೆಗಳು ಇವೆ. ನಾವೀನ್ಯ ವ್ಯವಸ್ಥೆಯ ಬಹುತೇಕ ಅಂಗಗಳು ಈ ಪಟ್ಟಿಯಲ್ಲಿಯೇ ಸಿಗುತ್ತವೆ. ಅಧಿಕಾರ ಎಷ್ಟು ಇಳಿದು ಬಂದಿದೆ ಎಂಬುದು ಬೇರೆ ಚರ್ಚೆ.

ಕೈಯಲ್ಲಿ ಇಲ್ಲದಿರುವುದನ್ನೂ ಹೇಳಬೇಕು. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಅಗ್ಗದ ಚೀನಾ ರೇಷ್ಮೆ ಬಂದು ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಲಾಯಿತು. ಹುಳು, ಮನೆ, ಯಂತ್ರ ಎಲ್ಲವೂ ಸರಿಯಿದ್ದ ಸೀಮೆಯೂ ದೆಹಲಿಯ ಒಂದು ಸಾಲಿನ ಬದಲಾವಣೆಗೆ ನಡುಗಿತು. ಪ್ರಾದೇಶಿಕ ವ್ಯವಸ್ಥೆಯೆಂದರೆ ಕೋಟೆಯಲ್ಲ ಎಂಬುದನ್ನು ಸದಸ್ಯರು ರೈತರಿಗೆ ಮುಚ್ಚಿಡಬಾರದು.

ಇನ್ನು ಕೈಯಲ್ಲಿರುವುದು. ಅವು ನೋಡಲು ಚಿಕ್ಕ ಕೆಲಸಗಳು. ಡೆಂಗ್ಯೂ ಹರಡಿದಾಗ ಪಂಚಾಯಿತಿ ಫಾಗಿಂಗ್ ಮಾಡಿಸುತ್ತದೆ. ರೇಷ್ಮೆ ಹುಳು ಕೀಟನಾಶಕಕ್ಕೆ ಅತ್ಯಂತ ಬೇಗ ಬಲಿಯಾಗುವ ಜೀವಿ. ನಾಲ್ಕನೇ ಜ್ವರ ದಾಟಿದ ಹುಳುವಿರುವ ಮನೆಯ ಕಿಟಕಿಯತ್ತ ಹೊಗೆ ನುಗ್ಗಿದರೆ ಒಂದು ಕುಟುಂಬದ ತಿಂಗಳ ದುಡಿಮೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಫಾಗಿಂಗ್ ನಿಲ್ಲಿಸುವಂತಿಲ್ಲ, ಜನರ ಆರೋಗ್ಯವೂ ಪಂಚಾಯಿತಿಯ ಹೊಣೆಯೇ. ಆದರೆ ಎರಡು ದಿನ ಮೊದಲು ಡಂಗುರ ಸಾರಿಸುವುದು, ಸಾಕಾಣಿಕೆ ಮನೆಗಳ ಪಟ್ಟಿಯನ್ನು ನೀರುಗಂಟಿಯ ಬಳಿ ಇಡುವುದು, ಆ ಮನೆಗಳ ಬಳಿ ಯಂತ್ರದ ಬದಲು ಚರಂಡಿ ಸ್ವಚ್ಛತೆ ಮತ್ತು ಲಾರ್ವಾ ನಾಶಕ್ಕೆ ಒತ್ತು ಕೊಡುವುದು ಸಾಧ್ಯವಿದೆ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.

ರೀಲಿಂಗ್ ಘಟಕದ ಬಗ್ಗೆ ಗ್ರಾಮ ಸಭೆಗೆ ಬರುವ ದೂರು ಸಾಮಾನ್ಯವಾಗಿ ವಾಸನೆಯದು: ಗೂಡು ಬೇಯಿಸಿದ ನೀರು ಚರಂಡಿಗೆ ಬರುತ್ತದೆ, ಸತ್ತ ಕೋಶಗಳನ್ನು ಬಯಲಿಗೆ ಸುರಿಯಲಾಗುತ್ತದೆ. ನೆರೆಯವರ ದೂರು ನ್ಯಾಯವಾದುದೇ. ನೋಟಿಸು ನೀಡಿ ಘಟಕ ಮುಚ್ಚಿಸಿದರೆ ದೂರು ತೀರುತ್ತದೆ, ಜೊತೆಗೆ ಅಕ್ಕಪಕ್ಕದ ರೈತರ ಹತ್ತಿರದ ಗಿರಾಕಿಯೂ ಹೋಗುತ್ತಾನೆ. ನೀರಿಗೆ ಇಂಗುಗುಂಡಿ ಅಥವಾ ಶುದ್ಧೀಕರಣದ ಏರ್ಪಾಡು, ಕೋಶಗಳನ್ನು ಎಣ್ಣೆ ಮತ್ತು ಕೋಳಿ ಆಹಾರಕ್ಕೆ ಕೊಳ್ಳುವವರೊಂದಿಗೆ ಸಂಪರ್ಕ ಇವನ್ನು ಪರವಾನಗಿಯ ನವೀಕರಣದ ವೇಳೆ ಷರತ್ತಾಗಿ ಚರ್ಚಿಸಬಹುದು.

ನರೇಗಾ ಅಡಿಯಲ್ಲಿ ಅನೇಕ ಪಂಚಾಯಿತಿಗಳು ಹಿಪ್ಪುನೇರಳೆ ತೋಟಗಳನ್ನು ಬೆಳೆಸಿವೆ. ಒಳ್ಳೆಯದೇ. ಆದರೆ ಕಾಮಗಾರಿಯ ಕಡತದಲ್ಲಿ ನಾಟಿಯ ಛಾಯಾಚಿತ್ರ ಇರುತ್ತದೆ, ಮೂರು ವರ್ಷದ ಬಳಿಕ ಆ ತೋಟದ ಸೊಪ್ಪು ಯಾವ ಹುಳುವಿಗೆ ಹೋಯಿತು ಎಂಬ ಮಾಹಿತಿ ಇರುವುದಿಲ್ಲ. ತೋಟ ಕೊಟ್ಟ ವರ್ಷವೇ ಸಾಕಾಣಿಕೆ ಮನೆಗೆ ರೇಷ್ಮೆ ಇಲಾಖೆಯ ಸಹಾಯಧನ ಸಿಕ್ಕಿತೇ, ಸಂಜೀವಿನಿ ಒಕ್ಕೂಟದ ಮಹಿಳೆಯರು ಚಾಕಿ ಕೇಂದ್ರ ನಡೆಸಲು ಮುಂದೆ ಬಂದಿದ್ದಾರೆಯೇ, ಬ್ಯಾಂಕಿನವರು ಸಾಲದ ಅರ್ಜಿಯನ್ನು ಎಲ್ಲಿ ನಿಲ್ಲಿಸಿದ್ದಾರೆ ಎಂಬ ಪ್ರಶ್ನೆಗಳನ್ನು ಜೊತೆಗೂಡಿಸಿ ಕೇಳಿದಾಗ ಮಾತ್ರ ಕೆಟ್ಟ ವಾಲ್ವ್ ಎಲ್ಲಿದೆ ಎಂಬುದು ಗೋಚರಿಸುತ್ತದೆ.

ಹಿಪ್ಪುನೇರಳೆಯೇ ಇಲ್ಲದ ಪಂಚಾಯಿತಿಗಳು ಇದನ್ನು ಓದಿ ರೇಷ್ಮೆ ಆರಂಭಿಸಬೇಕೆಂದು ಅರ್ಥವಲ್ಲ. ನೆರೆಯ ತಾಲ್ಲೂಕಿನ ಯಶಸ್ಸನ್ನು ನಕಲು ಮಾಡುವ ಯೋಜನೆಗಳೇ ಹೆಚ್ಚಾಗಿ ಸೋಲುತ್ತವೆ. ತಮ್ಮಲ್ಲಿ ಮೆಣಸಿನಕಾಯಿಯೋ, ಕುಂಬಾರಿಕೆಯೋ, ಕಂಬಳಿಯೋ ಇದ್ದರೆ ಅದನ್ನೇ ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ ನೋಡುವುದು: ಬೀಜ ಅಥವಾ ಕಚ್ಚಾವಸ್ತು ಎಲ್ಲಿಂದ ಬರುತ್ತದೆ, ಯಂತ್ರ ಕೆಟ್ಟರೆ ದುರಸ್ತಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ, ಹೊಸ ವಿಧಾನವನ್ನು ಕೊನೆಯ ಬಾರಿ ಯಾರಿಂದ ಕಲಿತರು, ಗುಣಮಟ್ಟ ಹೆಚ್ಚಾದರೆ ಬೆಲೆ ಹೆಚ್ಚುತ್ತದೆಯೇ. ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ತರಬೇತಿ ಶಿಬಿರಗಳನ್ನು ಏರ್ಪಡಿಸುವ ಮೊದಲು ಮಾರುಕಟ್ಟೆಯ ಕಡೆ ನೋಡಬೇಕು.

‘ನಮ್ಮ ಗ್ರಾಮ ನಮ್ಮ ಯೋಜನೆ’ಯ ವಾರ್ಡ್ ಸಭೆಗಳಿಗೆ ಈ ವರ್ಷ ಬೆಳೆಗಾರರ ಜೊತೆಗೆ ಕೊಳ್ಳುವವರನ್ನೂ, ಯಂತ್ರ ದುರಸ್ತಿ ಮಾಡುವವರನ್ನೂ, ಸಂಬಂಧಪಟ್ಟ ಇಲಾಖೆಯ ವಿಸ್ತರಣಾಧಿಕಾರಿಯನ್ನೂ ಒಂದೇ ದಿನ ಕರೆದು ಕೂರಿಸುವುದು ಸೂಕ್ತ. ಆಹ್ವಾನ ಪತ್ರ ಕನಿಷ್ಠ ಒಂದು ವಾರ ಮೊದಲು ತಲುಪಬೇಕು. ರೇಷ್ಮೆ ಸೀಮೆಯಲ್ಲಿ ಸಭೆಯನ್ನು ಬೆಳಗಿನ ಹೊತ್ತು ಇಡಬಾರದು. ಆಗ ಗೂಡಿನ ಹರಾಜು ನಡೆಯುತ್ತಿರುತ್ತದೆ, ರೈತರೂ ರೀಲರುಗಳೂ ಇಬ್ಬರೂ ಮಾರುಕಟ್ಟೆಯಲ್ಲಿರುತ್ತಾರೆ.